ಲಂಡನ್‌ನಲ್ಲಿ ಏಳು ದಿನ: 31 ಜಾಗಗಳ ಪಟ್ಟಿಯನ್ನು ಏನು ಮಾಡೋದು?

ಪ್ರಶ್ನೆ: ಜೂನ್‌ನಲ್ಲಿ ಮೊದಲ ಸಲ ಲಂಡನ್‌ಗೆ ಹೋಗ್ತಿದ್ದೇವೆ. ನಾನು, ನನ್ನ ಹೆಂಡತಿ, 70 ದಾಟಿದ ಅಮ್ಮ. ಏಳು ದಿನ ಇರ್ತೀವಿ. ನೋಡಬೇಕಾದ ಜಾಗಗಳ ಪಟ್ಟಿ ಈಗಾಗಲೇ 31ಕ್ಕೆ ಬಂದಿದೆ. ದಿನಕ್ಕೆ ನಾಲ್ಕೈದರಂತೆ ಹಂಚಿದರೆ ಆಗುತ್ತಾ? ನಡುವೆ ಒಂದು ದಿನ ಪ್ಯಾರಿಸ್‌ಗೂ ಹೋಗಿಬರಬಹುದಾ?

ಉತ್ತರ: ಪ್ಯಾರಿಸ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ.

ಬ್ರಿಟನ್ ವೀಸಾದಲ್ಲಿ ಫ್ರಾನ್ಸ್‌ಗೆ ಹೋಗಲು ಬರುವುದಿಲ್ಲ. ಅದಕ್ಕೆ ಷೆಂಗೆನ್ ವೀಸಾ ಬೇರೆಯೇ ಮಾಡಿಸಬೇಕು. ಮತ್ತೆ ಅರ್ಜಿ, ಮತ್ತೆ ಬ್ಯಾಂಕ್ ಸ್ಟೇಟ್‌ಮೆಂಟು, ಮತ್ತೆ ಬೆರಳಚ್ಚು. ವೀಸಾ ಇದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ. ರೈಲು ಎರಡೂಕಾಲು ಗಂಟೆಯಲ್ಲಿ ತಲುಪಿಸುತ್ತದೆ, ನಿಜ. ಆದರೆ ಪಾಸ್‌ಪೋರ್ಟ್ ತಪಾಸಣೆ ಇರುವುದರಿಂದ ಬಹಳ ಮುಂಚೆ ಸ್ಟೇಷನ್‌ನಲ್ಲಿರಬೇಕು. ಹೋಗಿಬರುವುದರಲ್ಲೇ ಏಳೆಂಟು ಗಂಟೆ ಕಳೆಯುತ್ತದೆ. ಐಫೆಲ್ ಟವರ್ ಕೆಳಗೆ ಫೋಟೊ ತೆಗೆದುಕೊಂಡು ಓಡಿಬಂದಂತೆ ಆಗುತ್ತದೆ ಅಷ್ಟೇ.

ಇನ್ನು ಏಳು ದಿನದ ಲೆಕ್ಕ. ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಐದೂವರೆ ದಿನ. ಇಳಿದ ದಿನ ಅರ್ಧ ಹೋಯಿತು, ಹೊರಡುವ ದಿನ ಅರ್ಧಕ್ಕಿಂತ ಜಾಸ್ತಿ ಹೋಯಿತು. ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಏಳೂವರೆ ಆದಾಗ ನಿಮ್ಮ ಮೈಗೆ ನಡುರಾತ್ರಿ. ಹಾಗಾಗಿ ಮೊದಲ ಎರಡು ರಾತ್ರಿ ನಾಟಕ, ದೋಣಿವಿಹಾರ ಅಂತ ಯಾವುದಕ್ಕೂ ಟಿಕೆಟ್ ತೆಗೆಯಬೇಡಿ. ದುಡ್ಡು ಕೊಟ್ಟು ತೂಕಡಿಸಿದಂತೆ ಆಗುತ್ತದೆ.

ಇದರಿಂದ ಒಂದು ಲಾಭವೂ ಇದೆ. ಬೆಳಿಗ್ಗೆ ನಾಲ್ಕು, ಐದಕ್ಕೆಲ್ಲ ತಾನಾಗಿ ಎಚ್ಚರ ಆಗುತ್ತದೆ. ಜೂನ್‌ನಲ್ಲಿ ಅಲ್ಲಿ ಐದಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ, ರಾತ್ರಿ ಒಂಬತ್ತರ ಮೇಲೆ ಮುಳುಗುತ್ತಾನೆ. ಆರು ಗಂಟೆಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ನಿಂತು ನೋಡಿ. ಬಿಗ್ ಬೆನ್, ನದಿ, ಒಂದಿಬ್ಬರು ಓಡುವವರು. ಹನ್ನೊಂದಕ್ಕೆ ಹೋದರೆ ಅದೇ ಸೇತುವೆ ಮೇಲೆ ಜಾತ್ರೆ.

ಈಗ ಪಟ್ಟಿಗೆ ಬರೋಣ. ಹೆಚ್ಚಿನವರು ಪಟ್ಟಿ ಹಿಡಿದು ನೇರ ಮ್ಯಾಪ್ ತೆರೆಯುತ್ತಾರೆ. ನಾನಾದರೆ ಮೊದಲು ಕ್ಯಾಲೆಂಡರ್ ತೆರೆಯುತ್ತೇನೆ. ಲಂಡನ್‌ನಲ್ಲಿ ಯಾವ ದಿನ ಯಾವುದು ತೆರೆದಿರುತ್ತದೆ ಅನ್ನುವುದರ ಮೇಲೆ ಅರ್ಧ ಪ್ಲಾನ್ ತಾನಾಗಿ ಕೂತುಕೊಳ್ಳುತ್ತದೆ. ಭಾನುವಾರ ವೆಸ್ಟ್‌ಮಿನ್‌ಸ್ಟರ್ ಅಬೆ ಮತ್ತು ಸೇಂಟ್ ಪಾಲ್ಸ್ ಎರಡೂ ಚರ್ಚುಗಳು ಪ್ರಾರ್ಥನೆಗೆ ಮಾತ್ರ, ನೋಡಲು ಬಂದವರಿಗೆ ಪ್ರವೇಶ ಇಲ್ಲ. ಅದೇ ಭಾನುವಾರ ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರ ಆರು ಗಂಟೆ ಮಾತ್ರ ತೆರೆದಿರುತ್ತವೆ, ಹಾಗಾಗಿ ಸಂಜೆ ಶಾಪಿಂಗ್ ಅಂತ ಇಟ್ಟುಕೊಳ್ಳಬೇಡಿ. ತಿಂಡಿತಿನಿಸುಗಳ ಬರೋ (Borough) ಮಾರ್ಕೆಟ್‌ಗೆ ಸೋಮವಾರ ರಜೆ. ವಿಂಡ್ಸರ್ ಕೋಟೆಗೆ ಮಂಗಳವಾರ, ಬುಧವಾರ ರಜೆ. ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲುಗಾರರು ಬದಲಾಗುವ ಮೆರವಣಿಗೆ ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಮಳೆ ಜೋರಾದರೆ ಅದೂ ಇಲ್ಲ. ಶುಕ್ರವಾರ ಮಾತ್ರ ಬಂಗಾರದಂಥ ದಿನ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಮೂರೂ ಅವತ್ತು ರಾತ್ರಿವರೆಗೆ ತೆರೆದಿರುತ್ತವೆ. ಮೂರಕ್ಕೂ ಪ್ರವೇಶ ಉಚಿತ.

ಕ್ಯಾಲೆಂಡರ್ ಆದಮೇಲೆ ಮ್ಯಾಪು. ಇಲ್ಲಿ ಒಂದು ಮೋಸ ಇದೆ. ಎಲ್ಲರ ಕೈಯಲ್ಲೂ ಇರುವ ಆ ಬಣ್ಣಬಣ್ಣದ ಟ್ಯೂಬ್ (ಲಂಡನ್ನಿನ ನೆಲದಡಿ ರೈಲು) ಮ್ಯಾಪ್ ಇದೆಯಲ್ಲ, ಅದು ದೂರವನ್ನು ಸರಿಯಾಗಿ ತೋರಿಸುವುದೇ ಇಲ್ಲ. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ಎಲೆಕ್ಟ್ರಿಕ್ ಸರ್ಕ್ಯೂಟ್ ಚಿತ್ರ ಬರೆಯುವ ಹಾಗೆ ನೇರ ಗೆರೆ, ಓರೆ ಗೆರೆಗಳಲ್ಲಿ ಅದನ್ನು ಬರೆದ. 1933ರಲ್ಲಿ ಅದು ಜನರ ಕೈಗೆ ಬಂತು. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಮ್ಯಾಪ್ ಇಲ್ಲ. ಎಷ್ಟು ದೂರ ಎನ್ನುವುದಕ್ಕೆ ಅದನ್ನು ನಂಬಿದರೆ ಕೆಟ್ಟಿರಿ.

ನಾನು ಕೆಟ್ಟಿದ್ದೇನೆ. ಮೊದಲ ಸಲ ಹೋದಾಗ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಟ್ಯೂಬ್ ಹತ್ತಿದೆ. ಎಸ್ಕಲೇಟರ್ ಇಳಿದು, ರೈಲಿಗೆ ಕಾದು, ಹತ್ತಿ, ಇನ್ನೂ ಸರಿಯಾಗಿ ನಿಂತಿರಲಿಲ್ಲ, ಸ್ಟೇಷನ್ ಬಂದೇಬಿಟ್ಟಿತು. ಅಲ್ಲಿ ಲಿಫ್ಟ್ ಮುಂದೆ ಉದ್ದ ಸಾಲು. ಶೂರನಂತೆ ಮೆಟ್ಟಿಲು ಹಿಡಿದೆ. ಸುತ್ತಿ ಸುತ್ತಿ ಮೇಲೇರುವ 193 ಮೆಟ್ಟಿಲು. ಏದುಸಿರು ಬಿಡುತ್ತಾ ಮೇಲೆ ಬಂದು ಮ್ಯಾಪ್ ನೋಡಿದರೆ ಎರಡು ಸ್ಟೇಷನ್ ನಡುವೆ ಇರುವುದು 260 ಮೀಟರ್. ಇಡೀ ಟ್ಯೂಬ್‌ನಲ್ಲೇ ಅತಿ ಹತ್ತಿರದ ಜೋಡಿಯಂತೆ ಅದು.

ಅದಕ್ಕೇ ಜಾಗಗಳನ್ನು ಒಂದೊಂದಾಗಿ ನೋಡದೆ ಗುಂಪು ಮಾಡಿ. ಒಂದು ದಿನಕ್ಕೆ ಒಂದೇ ಏರಿಯಾ. ಆ ಏರಿಯಾದಲ್ಲಿ ಮೊದಲೇ ಟಿಕೆಟ್ ತೆಗೆದ ಜಾಗ ಒಂದೇ ಒಂದು. ಉಳಿದದ್ದು ಕಾಲು ಎಳೆದಷ್ಟು. ನೀವು ಬುಧವಾರ ಇಳಿಯುತ್ತೀರಿ ಅಂತಿಟ್ಟುಕೊಂಡು ಹೇಳುತ್ತೇನೆ.

ಬುಧವಾರ ಏನೂ ಬೇಡ. ರೂಮಿಗೆ ಹೋಗಿ, ಸ್ನಾನ ಮಾಡಿ, ಹತ್ತಿರದ ಪಾರ್ಕಿನಲ್ಲಿ ಕೂತು ಬನ್ನಿ.

ಗುರುವಾರ ವೆಸ್ಟ್‌ಮಿನ್‌ಸ್ಟರ್. ಬೆಳಗಿನ ಸೇತುವೆ, ಆಮೇಲೆ ಅಬೆ. ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ ಗಾಂಧೀಜಿ ಪ್ರತಿಮೆ ಇದೆ. ಸೇತುವೆ ದಾಟಿ ನದಿಯ ಆ ಕಡೆ ದಂಡೆಯಲ್ಲಿ ಬಲಕ್ಕೆ ತಿರುಗಿ ನಡೆಯಿರಿ. ಎದುರಿಗೆ ನೀರಿನಾಚೆ ಪಾರ್ಲಿಮೆಂಟ್ ಕಟ್ಟಡ ಉದ್ದಕ್ಕೂ ಕಾಣುತ್ತದೆ, ಬಸ್ಸುಗಳ ಗಲಾಟೆ ಇಲ್ಲ, ಕೂರಲು ಬೆಂಚುಗಳಿವೆ. ಹಾಗೇ ಹೋದರೆ ಲ್ಯಾಂಬೆತ್ ಸೇತುವೆ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಬಸವಣ್ಣನವರು ಸಿಗುತ್ತಾರೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ನಿಮ್ಮ 31ರ ಪಟ್ಟಿಯಲ್ಲಿ ಇದು ಇರಲಿಕ್ಕಿಲ್ಲ. ಅಮ್ಮನಿಗೆ ಮಾತ್ರ ಬಿಗ್ ಬೆನ್‌ಗಿಂತ ಇದೇ ನೆನಪಿರುತ್ತದೆ, ಬೇಕಾದರೆ ನೋಡಿ.

ಶುಕ್ರವಾರ ಬೆಳಿಗ್ಗೆ ನಿಧಾನವಾಗಿ ಏಳಿ. ಮಧ್ಯಾಹ್ನದ ಮೇಲೆ ಸೌತ್ ಕೆನ್ಸಿಂಗ್ಟನ್. ಅಲ್ಲಿ ಮೂರು ದೊಡ್ಡ ಮ್ಯೂಸಿಯಂಗಳು ಒಂದರ ಪಕ್ಕ ಒಂದಿವೆ. ಮೂರನ್ನೂ ನೋಡುವ ಹುಚ್ಚು ಬೇಡ. ಅವತ್ತು ರಾತ್ರಿ ಹತ್ತರವರೆಗೆ ತೆರೆದಿರುವ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಒಂದೇ ಸಾಕು. ಟಿಪ್ಪುವಿನ ಹುಲಿ ಇರುವುದು ಈ ಮ್ಯೂಸಿಯಂನ ಸಂಗ್ರಹದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದ ಮರದ ಹುಲಿ. ಬಿಳಿಯನೊಬ್ಬನನ್ನು ಕೆಡವಿಕೊಂಡು ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಆರ್ಗನ್ ಇದೆ. ಪಕ್ಕದ ಹಿಡಿ ತಿರುಗಿಸಿದರೆ ಹುಲಿಯ ಗುರುಗುಟ್ಟುವಿಕೆ, ಕೆಳಗೆ ಬಿದ್ದವನ ನರಳಾಟ ಎರಡೂ ಕೇಳುವ ಹಾಗೆ ಮಾಡಿದ್ದಾರೆ. ಆದರೆ ಮ್ಯೂಸಿಯಂನವರು ಗ್ಯಾಲರಿ ರಿಪೇರಿ ಅಂತ ವಸ್ತುಗಳನ್ನು ಆಗಾಗ ಒಳಗಿಡುತ್ತಾರೆ. ಹೋಗುವ ಮೊದಲು ಅವರ ವೆಬ್‌ಸೈಟ್‌ನಲ್ಲಿ ಹುಲಿ ಪ್ರದರ್ಶನದಲ್ಲಿದೆಯಾ ಅಂತ ಹುಡುಕಿ ನೋಡಿ. ಅಷ್ಟು ದೂರ ಹೋಗಿ ಖಾಲಿ ಗಾಜು ನೋಡಿ ಬರಬಾರದು, ಅಲ್ವಾ?

ಶನಿವಾರ ಲಂಡನ್ ಟವರ್ ಎಂಬ ಹಳೆಯ ಕೋಟೆ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಹೋದವರೇ ಬೇರೆಲ್ಲೂ ನಿಲ್ಲದೆ ರಾಜಮನೆತನದ ಒಡವೆಗಳಿರುವ ಕಡೆ ನಡೆಯಿರಿ. ಕಿರೀಟಗಳ ಮುಂದೆ ನಿಮ್ಮನ್ನು ಸಾಗಿಸುವ ಚಲಿಸುವ ಪಟ್ಟಿ ಇದೆ. ಬೆಳಿಗ್ಗೆ ಜನ ಕಡಿಮೆ ಇರುವಾಗ ಸುತ್ತಿ ಬಂದು ಇನ್ನೊಮ್ಮೆ ನಿಲ್ಲಬಹುದು. ಕೊಹಿನೂರು ಇರುವುದು 1937ರಲ್ಲಿ ಆಗಿನ ರಾಣಿಗೆಂದು ಮಾಡಿಸಿದ ಕಿರೀಟದಲ್ಲಿ. ನಡುವೆ ನಿಂತಿರುವ ಬಿಳಿ ಗೋಪುರದ ಒಳಗೆ ಇಕ್ಕಟ್ಟಾದ ಮೆಟ್ಟಿಲುಗಳಿವೆ. ನೀವಿಬ್ಬರು ಹತ್ತಿ ಬರುವಷ್ಟರಲ್ಲಿ ಅಮ್ಮ ಕೆಳಗೆ ಕೂತು ಅಲ್ಲಿ ಸಾಕಿರುವ ದೊಡ್ಡ ಕಾಗೆಗಳನ್ನು (ರೇವನ್) ನೋಡಲಿ. ಅವೂ ಅಲ್ಲಿ ಸಂಬಳದ ಕಾಗೆಗಳ ಹಾಗೆಯೇ, ನೋಡಿಕೊಳ್ಳಲು ಒಬ್ಬ ಅಧಿಕಾರಿ ಇದ್ದಾರೆ. ಬರೋ ಮಾರ್ಕೆಟ್ ಹತ್ತಿರವೇ ಇದ್ದರೂ ಅವತ್ತು ಬೇಡ. ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಭಾನುವಾರ ಗ್ರೀನಿಚ್, ದೋಣಿಯಲ್ಲಿ. ನದಿ ಮೇಲೆ ಹೋಗುವುದೇ ಅರ್ಧ ಮಜಾ. ಗುಡ್ಡದ ಮೇಲೆ ವೀಕ್ಷಣಾಲಯ, ಅಲ್ಲಿ ಶೂನ್ಯ ರೇಖಾಂಶದ ಗೆರೆ. ಗೆರೆಯ ಮೇಲೆ ನಿಂತು ಫೋನ್‌ನ ಜಿಪಿಎಸ್ ನೋಡಿ. ಸೊನ್ನೆ ತೋರಿಸುವುದಿಲ್ಲ. ಜಿಪಿಎಸ್ ಲೆಕ್ಕದ ಸೊನ್ನೆ ಅಲ್ಲಿಂದ ನೂರು ಮೀಟರ್‌ನಷ್ಟು ಪೂರ್ವಕ್ಕೆ, ಪಾರ್ಕಿನ ಹುಲ್ಲಿನ ಮೇಲೆ ಹಾದುಹೋಗುತ್ತದೆ. ಗುಡ್ಡದಿಂದ ಊರು ನೋಡಲು ಟಿಕೆಟ್ ಬೇಡ.

ಸೋಮವಾರ ಬ್ರಿಟಿಷ್ ಮ್ಯೂಸಿಯಂ. ಎರಡು ಗಂಟೆಗಿಂತ ಜಾಸ್ತಿ ಬೇಡ. ರೊಸೆಟ್ಟಾ ಕಲ್ಲು, ಅಮರಾವತಿ ಸ್ತೂಪದ ಶಿಲ್ಪಗಳು, ಸಾಕು. ಅಲ್ಲಿಂದ ಕೋವೆಂಟ್ ಗಾರ್ಡನ್, ಟ್ರಫಾಲ್ಗರ್ ಸ್ಕ್ವೇರ್. ನಡೆದೇ ಹೋಗಿ, ನನ್ನ ಹಾಗೆ ಮಾಡಬೇಡಿ. ನಾಟಕ ನೋಡುವುದಿದ್ದರೆ ಈ ರಾತ್ರಿಗೆ.

ಓಡಾಟದ ಬಗ್ಗೆ ಒಂದಿಷ್ಟು. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಅಥವಾ ಮೊದಲೇ ಹಣ ತುಂಬಿಸಿಕೊಳ್ಳುವ ಆಯ್ಸ್ಟರ್ ಎಂಬ ಪ್ರಯಾಣದ ಕಾರ್ಡ್ ಬೇಕು, ತಲೆಗೆ ಒಂದರಂತೆ. ನಮ್ಮ ಬ್ಯಾಂಕಿನ ಕಾರ್ಡು ವಿದೇಶಿ ವ್ಯವಹಾರಕ್ಕೆ ಶುಲ್ಕ ಹಾಕಬಹುದು, ಹಾಗಾಗಿ ಮೂವರಿಗೂ ಆಯ್ಸ್ಟರ್ ತೆಗೆದುಕೊಳ್ಳುವುದು ನಿಶ್ಚಿಂತೆ. ಟ್ಯೂಬ್‌ನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಾರ್ಡ್ ಮುಟ್ಟಿಸಿ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ದಿನಕ್ಕೆ ಇಷ್ಟು ಅಂತ ಮಿತಿ ಇದೆ, ಅದು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಹಣ ಕಟ್ ಆಗುವುದಿಲ್ಲ. ವಾರದ ಮಿತಿಯೂ ಇದೆ. ಆದರೆ ಅದು ಸೋಮವಾರದಿಂದ ಭಾನುವಾರದ ಲೆಕ್ಕ. ಬುಧವಾರ ಇಳಿದವರಿಗೆ ಅದರ ಪೂರ್ತಿ ಲಾಭ ಸಿಗುವುದಿಲ್ಲ.

ಅಮ್ಮ ಜೊತೆಗಿರುವುದರಿಂದ ಇನ್ನೊಂದು ಮಾತು. ಟ್ಯೂಬ್ ಶುರುವಾದದ್ದು 1863ರಲ್ಲಿ. ಹಳೆಯ ಸ್ಟೇಷನ್‌ಗಳೇ ಜಾಸ್ತಿ, ಮೆಟ್ಟಿಲಿಲ್ಲದೆ ರಸ್ತೆಯಿಂದ ಪ್ಲಾಟ್‌ಫಾರ್ಮ್ ತಲುಪುವಂಥವು ಸುಮಾರು ಮೂರರಲ್ಲಿ ಒಂದು. ಬಸ್ಸುಗಳು ಹಾಗಲ್ಲ, ಎಲ್ಲವೂ ತಗ್ಗು ನೆಲದವು. ಟ್ರಫಾಲ್ಗರ್ ಸ್ಕ್ವೇರ್ ಕಡೆಯಿಂದ ಟವರ್‌ಗೆ 15ನೇ ನಂಬರಿನ ಬಸ್ ಹಿಡಿದರೆ ಸೇಂಟ್ ಪಾಲ್ಸ್ ಪಕ್ಕದಲ್ಲೇ ಹೋಗುತ್ತದೆ. ಟೂರಿಸ್ಟ್ ಬಸ್ಸಿಗೆ ಕೊಡುವ ದುಡ್ಡು ಉಳಿಯಿತು.

ಊಟಕ್ಕೆ ಹೆದರಬೇಡಿ. ಪ್ಯಾಕ್ ಮಾಡಿದ ತಿಂಡಿಗಳ ಮೇಲೆ ಸಸ್ಯಾಹಾರಿ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಅನ್ನ ಸಾರು ಬೇಕೇ ಬೇಕು ಅನಿಸಿದ ದಿನ ಟೂಟಿಂಗ್ ಅಥವಾ ಈಸ್ಟ್ ಹ್ಯಾಮ್ ಕಡೆ ಹೋಗಿ, ದಕ್ಷಿಣ ಭಾರತದ ಹೋಟೆಲ್‌ಗಳಿವೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಒಯ್ಯಿರಿ.

ಮಂಗಳವಾರ ಖಾಲಿ ಬಿಟ್ಟಿದ್ದೇನೆ. ಬೇಕೆಂದೇ. ಒಂದು ದಿನವಾದರೂ ಮಳೆ ನಿಮ್ಮ ಪ್ಲಾನ್ ಕೆಡಿಸುತ್ತದೆ, ಅಥವಾ ಅಮ್ಮನಿಗೆ ಕಾಲು ನೋವು ಬರುತ್ತದೆ. ಆಗ ಬಿಟ್ಟದ್ದು ಈ ದಿನಕ್ಕೆ ಬರಲಿ. ಏನೂ ಬಿಟ್ಟಿಲ್ಲ ಅಂದರೆ ಬೆಳಿಗ್ಗೆ ಬರೋ ಮಾರ್ಕೆಟ್‌ಗೆ ಹೋಗಿ, ಅವತ್ತು ಜನ ಕಡಿಮೆ. ಬ್ಯಾಗುಗಳನ್ನು ಹೋಟೆಲ್‌ನಲ್ಲೇ ಇಟ್ಟಿರಿ. ರಾತ್ರಿ ಫ್ಲೈಟ್‌ಗೆ ಹೀಥ್ರೂಗೆ ಹೊರಟಾಗ ಟ್ಯೂಬ್‌ನ ಪಿಕಡಿಲಿ ಲೈನ್ ಬಿಟ್ಟು ಎಲಿಜಬೆತ್ ಲೈನ್ ರೈಲು ಹಿಡಿಯಿರಿ. ದುಡ್ಡು ಜಾಸ್ತಿಯೇ, ಆದರೆ ಆ ಲೈನಿನ ಎಲ್ಲ ಸ್ಟೇಷನ್‌ಗಳಲ್ಲೂ ಲಿಫ್ಟ್ ಅಥವಾ ರ‍್ಯಾಂಪ್ ಇದೆ. ಮೂರು ದೊಡ್ಡ ಸೂಟ್‌ಕೇಸ್, ಜೊತೆಗೆ ಅಮ್ಮ. ಮೆಟ್ಟಿಲು ಹತ್ತಿಸುವ ದಿನ ಅಲ್ಲ ಅದು.