ಕಂಪ್ಲೀಷನ್ ರೇಟ್: ಮತದಾರರ ಅರ್ಜಿ ಎಲ್ಲಿ ಅರ್ಧಕ್ಕೆ ನಿಲ್ಲುತ್ತದೆ?

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಆನ್‌ಲೈನ್ ಅರ್ಜಿ ಶುರು ಮಾಡಿದವರಲ್ಲಿ ನೂರಕ್ಕೆ ಎಷ್ಟು ಜನ ಅದನ್ನು ಮುಗಿಸುತ್ತಾರೆ? ಈ ಲೆಕ್ಕಕ್ಕೆ ಕಂಪ್ಲೀಷನ್ ರೇಟ್ ಎನ್ನುತ್ತಾರೆ. ಸಾವಿರ ಜನ ಶುರು ಮಾಡಿ ಆರುನೂರು ಜನ ಮುಗಿಸಿದರೆ ಶೇ. 60. ಲೆಕ್ಕ ಸುಲಭ. ಆದರೆ ಯಾರನ್ನು ಶುರು ಮಾಡಿದವರು, ಯಾರನ್ನು ಮುಗಿಸಿದವರು ಅನ್ನಬೇಕು ಎಂಬಲ್ಲೇ ಎಡವಟ್ಟಾಗುವುದು.

ಪುಟ ತೆರೆದವರನ್ನೆಲ್ಲ ಎಣಿಸಿದರೆ, ತಮ್ಮ ಹೆಸರು ಪಟ್ಟಿಯಲ್ಲಿದೆಯಾ ಎಂದು ಸುಮ್ನೆ ನೋಡಲು ಬಂದವರೂ ಸೇರಿಕೊಳ್ಳುತ್ತಾರೆ. ಅವರು ಅರ್ಜಿ ತುಂಬದೆ ಹೋದರೆ ಅದು ಸೋಲಲ್ಲ. ಇದರ ಉಲ್ಟಾ ಕೂಡ ಉಂಟು. ಬ್ರಿಟನ್‌ನಲ್ಲಿ 2014ರಿಂದ ಆನ್‌ಲೈನ್ ನೋಂದಣಿ ಇದೆ. 2019ರ ಚುನಾವಣೆ ಹೊತ್ತಿಗೂ ಅಲ್ಲಿ ಹೆಸರು ಇದೆಯಾ ಎಂದು ಆನ್‌ಲೈನ್‌ನಲ್ಲೇ ನೋಡುವ ದಾರಿ ಇರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇದ್ದವರೇ ಎಷ್ಟೋ ಮಂದಿ ಮತ್ತೆ ಅರ್ಜಿ ಹಾಕಿದರು. ರೇಟ್ ನೋಡಲು ಚೆನ್ನಾಗಿರುತ್ತದೆ, ಹೊಸ ಮತದಾರರು ಮಾತ್ರ ಸಿಗುವುದಿಲ್ಲ. 2016ರ ಜೂನ್ 7ರಂದು, ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ ಬೇಡವೇ ಎಂಬ ಜನಮತಗಣನೆಗೆ ಹೆಸರು ಸೇರಿಸುವ ಕೊನೆಯ ರಾತ್ರಿ, ಅದೇ ವೆಬ್‌ಸೈಟ್ ಕೈಕೊಟ್ಟಿತು. ಗಡುವನ್ನು ಜೂನ್ 9ರವರೆಗೆ ಮುಂದೂಡಬೇಕಾಯಿತು. ಪುಟವೇ ತೆರೆಯದವರು ಯಾವ ರೇಟ್‌ನಲ್ಲೂ ಕಾಣಿಸುವುದಿಲ್ಲ ಅಲ್ವಾ?

ಇನ್ನು ಮುಗಿಸಿದವರ ವಿಷಯ. ನನ್ನ ಪ್ರಕಾರ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲೇ. ಅಮೆರಿಕದಲ್ಲಿ ಮೊದಲು ಆನ್‌ಲೈನ್ ನೋಂದಣಿ ತಂದ ರಾಜ್ಯ ಅರಿಜೋನಾ, 2002ರಲ್ಲಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅರ್ಜಿದಾರರ ಸಹಿಯನ್ನು ಡ್ರೈವಿಂಗ್ ಲೈಸೆನ್ಸ್ ಕಚೇರಿಯ ದಾಖಲೆಯಿಂದ ತೆಗೆದುಕೊಳ್ಳುತ್ತಾರೆ. ಲೈಸೆನ್ಸೋ ರಾಜ್ಯದ ಗುರುತಿನ ಚೀಟಿಯೋ ಇದ್ದವರಿಗೆ ಕೆಲವೇ ನಿಮಿಷಗಳ ಕೆಲಸ. ಇಲ್ಲದವರಿಗೆ ಎಷ್ಟೋ ಕಡೆ ಕೊನೆಗೆ ಸಿಗುವುದು ಒಂದು ಪಿಡಿಎಫ್. ಪ್ರಿಂಟ್ ತೆಗೆಯಬೇಕು, ಸಹಿ ಹಾಕಬೇಕು, ಲಕೋಟೆ ಮತ್ತು ಸ್ಟಾಂಪ್ ಹುಡುಕಿ ಅಂಚೆಗೆ ಹಾಕಬೇಕು. ಪಿಡಿಎಫ್ ಡೌನ್‌ಲೋಡ್ ಆದ ಕೂಡಲೇ ಮುಗಿಯಿತು ಎಂದು ಬರೆದುಕೊಂಡರೆ ರೇಟ್ ಏರುತ್ತದೆ. ಮನೆಯಲ್ಲಿ ಪ್ರಿಂಟರ್ ಇಲ್ಲದವನ ಹೆಸರು ಮಾತ್ರ ಪಟ್ಟಿಗೆ ಏರುವುದಿಲ್ಲ.

ಸ್ವಯಂಸೇವಾ ಸಂಸ್ಥೆಗಳ ವೆಬ್‌ಸೈಟ್‌ಗಳಿಗೆ ಇನ್ನೊಂದು ತೊಡಕು. ಅವು ಜನರನ್ನು ಸರ್ಕಾರದ ಪುಟಕ್ಕೆ ಕಳಿಸಿದ ಮೇಲೆ ಮುಂದೇನಾಯಿತು ಎಂದು ಸಾಮಾನ್ಯವಾಗಿ ಅವಕ್ಕೆ ಗೊತ್ತಾಗುವುದಿಲ್ಲ. ಪೆನ್ಸಿಲ್ವೇನಿಯಾದಂಥ ಕೆಲವು ರಾಜ್ಯಗಳು ಹೊರಗಿನ ಸಂಸ್ಥೆಗಳ ಫಾರ್ಮ್‌ನಿಂದಲೇ ಅರ್ಜಿ ಪಡೆಯುವ ವ್ಯವಸ್ಥೆ ಮಾಡಿವೆ.

ರೇಟ್ ಸುಧಾರಿಸಲು ಬಟನ್ನಿನ ಬಣ್ಣ ಬದಲಿಸುತ್ತಾ ಕೂರುವವರಿದ್ದಾರೆ. ಅದಕ್ಕಿಂತ ಮೊದಲು ಯಾವ ಪುಟದಲ್ಲಿ ಜನ ಬಿಟ್ಟು ಹೋಗುತ್ತಾರೆ ಎಂದು ನೋಡಬೇಕು. ಗುರುತಿನ ಸಂಖ್ಯೆ ಕೇಳುವ ಪುಟದ ಮೇಲೆ ಮೊದಲ ಅನುಮಾನ. ಐದು ಪುಟ ತುಂಬಿದ ಮೇಲೆ ಸಂಖ್ಯೆ ಕೇಳಿದರೆ, ಅದನ್ನು ಹುಡುಕಲು ಎದ್ದವರು ವಾಪಸ್ ಬರುವುದು ಕಷ್ಟ. ಬರುವಷ್ಟರಲ್ಲಿ ಸೆಷನ್ ಮುಗಿದು ತುಂಬಿದ್ದೆಲ್ಲ ಅಳಿಸಿಹೋಗಿದ್ದರೆ ಮತ್ತೆ ಮೊದಲಿಂದ ಯಾರು ತುಂಬುತ್ತಾರೆ? ಏನೇನು ಕೈಯಲ್ಲಿರಬೇಕು ಎಂದು ಮೊದಲ ಪುಟದಲ್ಲೇ ಹೇಳಿಬಿಡಬೇಕು. ತಪ್ಪಾದಾಗ ‘ಅಮಾನ್ಯ’ ಎಂದು ಕೆಂಪು ಅಕ್ಷರದಲ್ಲಿ ಬರೆದರೆ ಏನು ಅರ್ಥವಾದೀತು? ‘ಲೈಸೆನ್ಸ್‌ನಲ್ಲಿ ಇರುವಂತೆಯೇ ಹೆಸರು ಬರೆಯಿರಿ’ ಎಂದರೆ ತಿದ್ದಲು ದಾರಿ ಸಿಗುತ್ತದೆ. ‘ಹೆಸರು ಇದೆಯಾ ನೋಡಿ’ ಎನ್ನುವುದಕ್ಕೆ ಬೇರೆ ಲಿಂಕ್ ಇಟ್ಟರೆ ಲೆಕ್ಕವೂ ಶುದ್ಧವಾಗುತ್ತದೆ.

ಪಿಡಿಎಫ್ ಪಡೆದವರಿಗೆ ಗಡುವಿನ ಮುಂಚೆ ನೆನಪಿನ ಮೆಸೇಜ್ ಕಳಿಸಬಹುದು. ಇನ್ನೂ ಒಳ್ಳೆಯದು, ಅವರು ತುಂಬಿದ ಫಾರ್ಮನ್ನು ಪ್ರಿಂಟ್ ಮಾಡಿ, ಸ್ಟಾಂಪ್ ಹಚ್ಚಿದ ಲಕೋಟೆಯ ಜೊತೆ ಮನೆಗೇ ಕಳಿಸುವುದು. ಖರ್ಚು ಜಾಸ್ತಿ, ಆದರೆ ಸಹಿ ಹಾಕಿ ಡಬ್ಬಿಗೆ ಹಾಕುವುದಷ್ಟೇ ಬಾಕಿ ಉಳಿಯುತ್ತದೆ.