ರಕ್ತ ಹೆಚ್ಚಾದಾಗ

ವಿಜಯಪುರದಲ್ಲಿರುವ ನಮ್ಮ ಕಾಕಾ ಅವರ ಹಿಮೋಗ್ಲೋಬಿನ್ 19 ಎಂದು ವರದಿ ಬಂದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ರಕ್ತ ಕಡಿಮೆಯಾದರೆ ಚಿಂತೆ, ಹೆಚ್ಚಿದ್ದರೆ ಒಳ್ಳೆಯದೇ ಎಂದುಕೊಂಡಿದ್ದೆವು. ಕೆಂಪೇರಿದ ಅವರ ಮುಖವನ್ನು ನೋಡಿದವರು ಆರೋಗ್ಯದ ಕಳೆ ಎಂದರು. ಬಿಸಿನೀರಿನ ಸ್ನಾನ ಮಾಡಿ ಬಚ್ಚಲಿನಿಂದ ಹೊರಬಂದೊಡನೆ ಟವೆಲ್ಲಿನಿಂದ ಬೆನ್ನು ಉಜ್ಜಿ ಉಜ್ಜಿ ಕೆರೆದುಕೊಳ್ಳುತ್ತಿದ್ದರು. ನಾವು ಸೋಪು ಬದಲಿಸಿದೆವು. ಎರಡು ವರ್ಷದ ಮೇಲೆ ಎಡಗಾಲಿನ ಮೀನಖಂಡ ಊದಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ತಿಳಿದಾಗಲೇ ಆ ಹಳೆಯ ವರದಿ ಕಪಾಟಿನಿಂದ ಹೊರಬಂದದ್ದು.

ಕಾಯಿಲೆಯ ಹೆಸರು ಪಾಲಿಸೈಥೀಮಿಯಾ ವೆರಾ. ಫ್ರಾನ್ಸಿನ ವೈದ್ಯ ವಾಕೆ ಇದನ್ನು ಮೊದಲು ವಿವರಿಸಿದ್ದು 1892ರಲ್ಲಿ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳು ಮಿತಿಮೀರುವ ಕಾಯಿಲೆಯೂ ಇದರ ಬಳಗದ್ದೇ ಎಂದು ಅಮೆರಿಕದ ದಮೇಶೆಕ್ 1951ರಲ್ಲಿ ಹೇಳಿದರು. ಅಸ್ಥಿಮಜ್ಜೆ ಲಂಗುಲಗಾಮಿಲ್ಲದೆ ರಕ್ತಕಣಗಳನ್ನು ಹುಟ್ಟಿಸುತ್ತದೆ, ರಕ್ತ ಮಂದವಾಗುತ್ತದೆ. ಅಷ್ಟೇ ಆಗಿದ್ದರೆ ರಕ್ತ ತೆಗೆದರೆ ಸಾಕಿತ್ತು. ಆದರೆ ಇಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಕೆರಳಿರುತ್ತವೆ, ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಕಾಲಿನಲ್ಲಷ್ಟೇ ಅಲ್ಲ, ಮೆದುಳಿನಲ್ಲಿ, ಹೃದಯದಲ್ಲಿ, ಯಕೃತ್ತಿನ ಅಭಿಧಮನಿಯಲ್ಲೂ ಹೆಪ್ಪು ಕಟ್ಟಬಹುದು.

ಇದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಕೊಡಬೇಕೆಂಬುದು ಇಂದು ಸಹಜವಾಗಿ ತೋರುತ್ತದೆ, ಆದರೆ ವೈದ್ಯರು ದಶಕಗಳ ಕಾಲ ಅದಕ್ಕೆ ಹೆದರಿದ್ದರು. ಹಿಂದಿನ ಪ್ರಯೋಗವೊಂದರಲ್ಲಿ ದಿನಕ್ಕೆ 900 ಮಿಲಿಗ್ರಾಂ ಕೊಟ್ಟು ರೋಗಿಗಳಿಗೆ ರಕ್ತಸ್ರಾವವಾಗಿತ್ತು. ತಪ್ಪಿದ್ದು ಪ್ರಮಾಣದಲ್ಲಿ, ಕೆಟ್ಟ ಹೆಸರು ಬಂದದ್ದು ಔಷಧಕ್ಕೆ. ಯುರೋಪಿನಲ್ಲಿ 518 ರೋಗಿಗಳ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಗಿ, ದಿನಕ್ಕೆ 100 ಮಿಲಿಗ್ರಾಂ ಸಾಕು, ಅದರಿಂದ ಅಪಾಯ ತಗ್ಗುತ್ತದೆ ಎಂದು ತೋರಿಸಿಕೊಟ್ಟಿತು. ಈಗಲೂ ಪ್ಲೇಟ್‌ಲೆಟ್ 10 ಲಕ್ಷ ದಾಟಿದವರಿಗೆ ಕೊಡುವ ಮೊದಲು ವೈದ್ಯರು ಯೋಚಿಸುತ್ತಾರೆ, ಏಕೆಂದರೆ ಅಂಥವರಲ್ಲಿ ಕೆಲವರಿಗೆ ರಕ್ತ ಸೋರುವುದೂ ಉಂಟು.

ಮರುವರ್ಷವೇ, 2005ರಲ್ಲಿ, ಜಾಕ್2 ಎಂಬ ಜೀನಿನ ದೋಷ ಪತ್ತೆಯಾಯಿತು. ಪಾಲಿಸೈಥೀಮಿಯಾ ರೋಗಿಗಳಲ್ಲಿ ಶೇ 95ರಷ್ಟು ಮಂದಿಗೆ ಅದು ಇರುತ್ತದೆ. 2013ರಲ್ಲಿ ಇಟಲಿಯ ಅಧ್ಯಯನ ಹೆಮಟೋಕ್ರಿಟ್ ಶೇ 45ಕ್ಕಿಂತ ಕೆಳಗಿರಬೇಕೆಂದು ಖಚಿತಪಡಿಸಿತು. ರಕ್ತದಲ್ಲಿ ಕೆಂಪು ಕಣಗಳು ತುಂಬಿಕೊಳ್ಳುವ ಪಾಲೇ ಹೆಮಟೋಕ್ರಿಟ್.

ನಮ್ಮ ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದರೆ ಆ ಅಂಕಿ ಇನ್ನೂ ಏರುತ್ತದೆ. ಕಾಕಾ ಈಗ ಮಜ್ಜಿಗೆಯ ತಂಬಿಗೆಯನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಕಳೆದ ಸಲದ ವರದಿಯಲ್ಲಿ ಅವರು ಹಿಮೋಗ್ಲೋಬಿನ್ ನೋಡಲಿಲ್ಲ, ನೇರವಾಗಿ ಹೆಮಟೋಕ್ರಿಟ್ ಸಾಲಿನ ಮೇಲೆ ಬೆರಳಿಟ್ಟರು. 44 ಇತ್ತು.