ಹಾಸನದ ಹೃದಯಾಘಾತ ಮತ್ತು ಮೊದಲು ಬಾಯಿಬಿಟ್ಟವರು

2025ರ ಜೂನ್‌ನಲ್ಲಿ ಟಿವಿ ಹಾಕಿದರೆ ಹಾಸನದ್ದೇ ಸುದ್ದಿ. ಹೃದಯಾಘಾತದಿಂದ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು, ಅದರಲ್ಲೂ ಚಿಕ್ಕ ವಯಸ್ಸಿನವರು. ಸುಮಾರು 40 ದಿನಗಳಲ್ಲಿ ಸಾವಿನ ಲೆಕ್ಕ 20 ದಾಟಿತು. ಹೆದರಿದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಸರ್ಕಾರಕ್ಕೆ ಇಕ್ಕಟ್ಟು ಶುರುವಾಯಿತು: ಜನರಿಗೆ ಏನಂತ ಹೇಳುವುದು?

ಈ ಇಕ್ಕಟ್ಟು ಹಳೆಯದೇ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಸುದ್ದಿ ಮುಚ್ಚಿಡುವುದು ಆಗಿನ ರೈಲ್ವೆ ಕಂಪನಿಗಳ ರೂಢಿ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ ಪರ ಪ್ರಚಾರದ ಕೆಲಸ ಮಾಡುತ್ತಿದ್ದ ಐವಿ ಲೀ ಮಾತ್ರ ತಾನೇ ಹೇಳಿಕೆ ಬರೆದು ಪತ್ರಿಕೆಗಳಿಗೆ ಹಂಚಿದ. ಇವತ್ತಿನ ಪ್ರೆಸ್‌ನೋಟ್ ಹುಟ್ಟಿದ್ದು ಅಲ್ಲಿಂದ ಅನ್ನುತ್ತಾರೆ.

1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವಿನ ಕ್ಯಾಪ್ಸೂಲ್‌ಗೆ ಸಯನೈಡ್ ಬೆರೆಸಿ 7 ಜನ ಸತ್ತರು. ತಪ್ಪು ಅದನ್ನು ಮಾರುತ್ತಿದ್ದ ಕಂಪನಿಯದ್ದಲ್ಲ. ಆದರೂ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿಕೊಂಡಿತು. ಮಾರುಕಟ್ಟೆಗೆ ಮರಳಿದ್ದು ಬಿಚ್ಚಿದರೆ ಗೊತ್ತಾಗುವ ಸೀಲ್ ಹಾಕಿಕೊಂಡೇ.

ಇಂಥ ಪ್ರಕರಣಗಳನ್ನು ನೋಡಿ ಸಂವಹನ ವಿದ್ವಾಂಸರಾದ ವಿಲಿಯಂ ಬೆನ್ವಾ, ತಿಮೋತಿ ಕೂಂಬ್ಸ್ ಮುಂತಾದವರು, ಬಿಕ್ಕಟ್ಟಿನಲ್ಲಿ ಸಿಕ್ಕ ಸಂಸ್ಥೆ ಜನರಿಗೆ ಏನು ಹೇಳಬೇಕು ಅನ್ನುವುದರ ಬಗ್ಗೆ 1990ರ ದಶಕದಿಂದ ಸಿದ್ಧಾಂತ ಕಟ್ಟಿದರು. ಅಲ್ಲಗಳೆಯಬಹುದು, ಚಿಕ್ಕದು ಮಾಡಬಹುದು, ಕ್ಷಮೆ ಕೇಳಿ ಸರಿಪಡಿಸಬಹುದು. ಯಾವುದನ್ನು ಆರಿಸಬೇಕು ಅನ್ನುವುದು, ತಪ್ಪು ಯಾರದು ಅಂತ ಜನ ನಂಬಿದ್ದಾರೆ ಅನ್ನುವುದರ ಮೇಲೆ ನಿಂತಿದೆ ಅಂತಾರೆ ಕೂಂಬ್ಸ್. ನಿಜವಾಗಿ ಯಾರದು ಅನ್ನುವುದು ಆಮೇಲಿನ ಮಾತು!

ಹಾಸನದಲ್ಲಿ ಎಡವಿದ್ದು ಇಲ್ಲೇ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 10 ದಿನದಲ್ಲಿ ವರದಿ ಕೊಡಲಿದೆ ಅಂದರು. ಅದೇ ಉಸಿರಿನಲ್ಲಿ, ಅವಸರದಲ್ಲಿ ಕೊಟ್ಟ ಕೋವಿಡ್ ಲಸಿಕೆಯೂ ಕಾರಣವಿರಬಹುದು ಅಂದುಬಿಟ್ಟರು. ತನಿಖೆಗೆ ಕಳಿಸಿದ ಪ್ರಶ್ನೆಗೆ ಅರ್ಧ ಉತ್ತರ ತಾವೇ ಕೊಟ್ಟ ಹಾಗಾಯಿತು, ಅಲ್ವಾ? ಕೇಂದ್ರದ ವೈದ್ಯಕೀಯ ಸಂಸ್ಥೆಗಳಾದ ಐಸಿಎಂಆರ್, ಏಮ್ಸ್ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಎಂದು ಕೇಂದ್ರ ಮರುದಿನವೇ ಅಲ್ಲಗಳೆಯಿತು. ಔಷಧ ಕಂಪನಿ ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಕೂಡ ಆಕ್ಷೇಪಿಸಿದರು. ಹಾಸನದ ಹೆದರಿಕೆ ಹೋಗಿ ರಾಜಕೀಯ ಜಗಳವಾಯಿತು.

ಸಮಿತಿ ಕೊನೆಗೆ ಹೇಳಿದ್ದು: ಸಾವು ಅಸಹಜವಾಗಿ ಹೆಚ್ಚಿಲ್ಲ. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಅವುಗಳಲ್ಲಿ ಒಂದು ರಸ್ತೆ ಅಪಘಾತ, ಇನ್ನೊಂದು ಕರೆಂಟ್ ಹೊಡೆದದ್ದು. ಈ ಲೆಕ್ಕವನ್ನು ಮೊದಲ ವಾರವೇ ದಿನಕ್ಕೊಮ್ಮೆ ಜಿಲ್ಲಾ ಮಟ್ಟದಲ್ಲಿ ಹೇಳಿದ್ದರೆ, ಮೈಸೂರಿನ ಸಾಲು ಅಷ್ಟು ಉದ್ದ ಬೆಳೆಯುತ್ತಿರಲಿಲ್ಲವೇನೋ.